ಅನಾಥಾಲಯದಿಂದ ಅಧಿಕಾರಿ ಹುದ್ದೆಗೆ: ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್

ನಮ್ಮ ಬೀದರ್ ಜಿಲ್ಲೆ 1956ರವರೆಗೆ ಸೇರಿದ್ದ ಹೈದರಾಬಾದ್ ರಾಜ್ಯ ಫುಟ್‌ಬಾಲ್ ಆಟಕ್ಕೆ ದೇಶದಲ್ಲೇ ಹೆಸರಾಗಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಮುಟ್ಟಿಸಿದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು. ಅವರು ಶಾಲಾ ಶಿಕ್ಷಕರಾಗಿಯೂ ದುಡಿದವರು. ಇಂದು ಬಸವಕಲ್ಯಾಣ, ಹುಮನಾಬಾದ್‌ಗಳ ಮೈದಾನಗಳಲ್ಲಿ ಕ್ರಿಕೆಟ್‌ನದೇ ರಾಜ್ಯಭಾರ. ಯಾವ ಆಟಗಾರ ಎಷ್ಟು ರನ್ ಹೊಡೆದ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಂತೋಷವೇ. ಆದರೆ ಆಟಗಾರನ ಬದುಕಿನಿಂದ ಕಲಿಯಬೇಕಾದದ್ದು ಅಂಕಿಸಂಖ್ಯೆಗಳಷ್ಟೇ ಅಲ್ಲ. ಸೋಲನ್ನು, ಅವಮಾನವನ್ನು, ಕಷ್ಟವನ್ನು ಒಬ್ಬ ಮನುಷ್ಯ ಹೇಗೆ ಎದುರಿಸಿದ ಎಂಬುದು ಅದಕ್ಕಿಂತ ದೊಡ್ಡ ಪಾಠ. ಅಂಥ ಒಂದು ಜೀವನವನ್ನು ಈ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ. ಅವರ ಹೆಸರು ವಾಲ್ಟರ್ ಟಲ್. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರ, ಮೊದಲನೇ ಮಹಾಯುದ್ಧದ ಸೇನಾಧಿಕಾರಿ.

ಬಾಲ್ಯ ಮತ್ತು ತಬ್ಬಲಿತನ

ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಡೇನಿಯಲ್ ಟಲ್ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಡೇನಿಯಲ್‌ನ ಹಿಂದಿನ ತಲೆಮಾರು ಕಬ್ಬಿನ ತೋಟಗಳ ಆ ದ್ವೀಪದಲ್ಲಿ ಗುಲಾಮಗಿರಿ ಅನುಭವಿಸಿತ್ತು. ತಾಯಿ ಆಲಿಸ್ ಪಾಮರ್ ಕೆಂಟ್‌ನ ಬಿಳಿಯ ಹೆಣ್ಣುಮಗಳು. ಕಪ್ಪು ಗಂಡಿಗೂ ಬಿಳಿ ಹೆಣ್ಣಿಗೂ ಮದುವೆ ಎಂದರೆ ಜನ ತಿರುಗಿ ನೋಡುತ್ತಿದ್ದ ಕಾಲ ಅದು. ಆದರೂ ಮನೆ ನೆಮ್ಮದಿಯಿಂದಲೇ ನಡೆದಿತ್ತು.

ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. 1895ರಲ್ಲಿ ತಾಯಿ ತೀರಿಕೊಂಡರು. ಆಗ ವಾಲ್ಟರ್‌ಗೆ ಇನ್ನೂ 7 ತುಂಬುವುದರಲ್ಲಿತ್ತು. ಮಕ್ಕಳನ್ನು ನೋಡಿಕೊಳ್ಳಲು ತಂದೆ, ಆಲಿಸ್‌ರ ಸಂಬಂಧಿಯೇ ಆದ ಕ್ಲಾರಾಳನ್ನು ಮದುವೆಯಾದರು. 1897ರ ಡಿಸೆಂಬರಿನಲ್ಲಿ ತಂದೆಯೂ ಹೃದ್ರೋಗದಿಂದ ತೀರಿಕೊಂಡರು. ಕೈಯಲ್ಲಿ ಎಳೆಯ ಕೂಸು, ಸುತ್ತ ಐದು ಮಕ್ಕಳು, ದುಡಿಯುವವರಿಲ್ಲ. ಕ್ಲಾರಾಳಿಗೆ ಸಂಸಾರದ ಭಾರ ಹೊರಲು ಆಗಲಿಲ್ಲ. ಇದರಲ್ಲಿ ಆಕೆಯನ್ನು ದೂರುವಂತಿಲ್ಲ. ಸೊಂತ ಮಕ್ಕಳನ್ನೇ ಸಾಕಲಾಗದ ಬಡತನ ನಾವು ನಮ್ಮ ಸುತ್ತಲೂ ಕಂಡಿದ್ದೇವೆ. ಕುಟುಂಬ ಹೋಗುತ್ತಿದ್ದ ಚರ್ಚಿನ ಪಾದ್ರಿಯ ಸಲಹೆಯಂತೆ 1898ರಲ್ಲಿ ವಾಲ್ಟರ್ ಮತ್ತು ಅವನ ಅಣ್ಣ ಎಡ್ವರ್ಡ್ ಇಬ್ಬರನ್ನೂ ಲಂಡನ್ನಿನ ಬೆತ್ನಲ್ ಗ್ರೀನ್ ಬಡಾವಣೆಯ ಅನಾಥಾಲಯಕ್ಕೆ ಸೇರಿಸಲಾಯಿತು. ಮೆಥಡಿಸ್ಟ್ ಪಂಥದ ಕ್ರೈಸ್ತರು ನಡೆಸುತ್ತಿದ್ದ ಸಂಸ್ಥೆ ಅದು.

ಈ ಅನಾಥಾಲಯದ ಎರಡು ಪದ್ಧತಿಗಳನ್ನು ಶಿಕ್ಷಣ ಕ್ಷೇತ್ರದಲ್ಲಿರುವ ನಾವು ಗಮನಿಸಬೇಕು. ಮೊದಲನೆಯದು, ಅಲ್ಲಿ ಓದು ಬರಹದ ಜೊತೆಗೆ ಪ್ರತಿಯೊಬ್ಬ ಹುಡುಗನಿಗೂ ಒಂದು ಕಸುಬನ್ನು ಕಲಿಸುತ್ತಿದ್ದರು. ವಾಲ್ಟರ್ ಮುದ್ರಣದ ಕೆಲಸ ಕಲಿತ. ಎರಡನೆಯದು, ಆಟವನ್ನು ಸಮಯ ಹಾಳು ಎಂದು ತಿಳಿಯುತ್ತಿರಲಿಲ್ಲ. ಅನಾಥಾಲಯದ ತಂಡದಲ್ಲೇ ವಾಲ್ಟರ್‌ನ ಕಾಲಿಗೆ ಚೆಂಡು ಒಲಿಯಿತು.

ಅನಾಥಾಲಯಕ್ಕೆ ಹಣ ಕೂಡಿಸಲು ಮಕ್ಕಳ ಗಾಯನ ತಂಡ ಊರೂರು ಸುತ್ತುತ್ತಿತ್ತು. ಹಾಗೆ ಹಾಡಲು ಹೋದ ಎಡ್ವರ್ಡ್‌ನನ್ನು ಸ್ಕಾಟ್ಲೆಂಡಿನ ವಾರ್ನಾಕ್ ಕುಟುಂಬ ಮೆಚ್ಚಿ 1900ರಲ್ಲಿ ದತ್ತು ತೆಗೆದುಕೊಂಡಿತು. ಮುಂದೆ ಎಡ್ವರ್ಡ್ ಓದಿ ಗ್ಲಾಸ್ಗೋ ನಗರದಲ್ಲಿ ದಂತವೈದ್ಯನಾದ. ಬ್ರಿಟನ್ನಿನ ಮೊದಮೊದಲ ಕಪ್ಪು ದಂತವೈದ್ಯರಲ್ಲಿ ಅವನೂ ಒಬ್ಬ. ಅಣ್ಣನಿಗೆ ಮನೆ ಸಿಕ್ಕಿತು. ತಮ್ಮ 12ನೇ ವಯಸ್ಸಿಗೆ ಮತ್ತೊಮ್ಮೆ ಒಂಟಿಯಾದ. ಆದರೂ ಅಣ್ಣ ತಮ್ಮಂದಿರ ಪ್ರೀತಿ ಕಡಿಮೆಯಾಗಲಿಲ್ಲ. ಕೊನೆಯವರೆಗೂ ಅವರಿಬ್ಬರ ಸಂಬಂಧ ಉಳಿದುಬಂತು.

ಆಟದ ಮೈದಾನದಲ್ಲಿ

ಯುವಕ ವಾಲ್ಟರ್ 1908ರಲ್ಲಿ ಲಂಡನ್ನಿನ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡವನ್ನು ಸೇರಿದರು. ಆ ಒಂದೇ ಋತುವಿನಲ್ಲಿ ಕ್ಲಾಪ್ಟನ್ ಮೂರು ಕಪ್‌ಗಳನ್ನು ಗೆದ್ದಿತು. ದೊಡ್ಡ ತಂಡಗಳ ಕಣ್ಣು ಅವರ ಮೇಲೆ ಬಿತ್ತು. 1909ರಲ್ಲಿ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ತಂಡ ಅವರನ್ನು ಕರೆಸಿಕೊಂಡು, ತನ್ನ ಜೊತೆ ಅರ್ಜೆಂಟೀನಾ ಮತ್ತು ಉರುಗ್ವೆ ಪ್ರವಾಸಕ್ಕೆ ಕರೆದೊಯ್ದಿತು. ಅಲ್ಲಿಂದ ಬಂದ ಮೇಲೆ ಅವರು ವೃತ್ತಿಪರ ಆಟಗಾರರಾದರು. ಸಹಿ ಮಾಡಿದ್ದಕ್ಕೆ 10 ಪೌಂಡ್, ಆಮೇಲೆ ವಾರಕ್ಕೆ 4 ಪೌಂಡ್. ಆ ಕಾಲದ ನಿಯಮದಂತೆ ಯಾವ ಆಟಗಾರನಿಗೂ ಇದಕ್ಕಿಂತ ಹೆಚ್ಚಿನ ವಾರದ ಸಂಬಳ ಕೊಡುವಂತಿರಲಿಲ್ಲ. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತ ಬದುಕಬೇಕಾಗಿದ್ದ ತಬ್ಬಲಿ ಹುಡುಗ ದೇಶದ ಅತ್ಯುನ್ನತ ದರ್ಜೆಯ ಆಟಗಾರರ ಸಾಲಿನಲ್ಲಿ ನಿಂತಿದ್ದ.

1909ರ ಸೆಪ್ಟೆಂಬರಿನಲ್ಲಿ ಅವರು ಮೊದಲ ದರ್ಜೆಯ ಪಂದ್ಯಗಳನ್ನು ಆಡಲು ಶುರು ಮಾಡಿದರು. ತವರಿನ ಮೈದಾನದಲ್ಲಿ ಆಡಿದ ಮೊದಲ ಪಂದ್ಯವೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಆಡಿದ ಕಪ್ಪು ಆಟಗಾರರನ್ನು ಆಗ ಬೆರಳಲ್ಲಿ ಎಣಿಸಬಹುದಿತ್ತು. ಸಾವಿರಾರು ಬಿಳಿಯರ ನಡುವೆ ಒಂದೇ ಕಪ್ಪು ಮುಖ. ಆಟ ಚೆನ್ನಾಗಿದ್ದರೆ ಜನ ಹೊಗಳುತ್ತಿದ್ದರು. ಪತ್ರಿಕೆಗಳೂ ಮೆಚ್ಚಿ ಬರೆದವು. ಅವರದು ಅವಸರವಿಲ್ಲದ ಆಟ. ಚೆಂಡನ್ನು ಹಿಡಿತದಲ್ಲಿಟ್ಟುಕೊಂಡು, ನೋಡಿ, ಯೋಚಿಸಿ, ಸರಿಯಾದ ಜಾಗಕ್ಕೆ ದಾಟಿಸುವ ರೀತಿ.

ಬ್ರಿಸ್ಟಲ್‌ನಲ್ಲಿ ನಡೆದದ್ದು

ಅದೇ ವರ್ಷದ ಅಕ್ಟೋಬರಿನಲ್ಲಿ ಟಾಟೆನ್‌ಹ್ಯಾಮ್ ತಂಡ ಬ್ರಿಸ್ಟಲ್ ಸಿಟಿ ತಂಡದ ಮೈದಾನಕ್ಕೆ ಆಡಲು ಹೋಯಿತು. ಅಲ್ಲಿ ಪ್ರೇಕ್ಷಕರ ಒಂದು ಗುಂಪು ಟಲ್ ಅವರ ಬಣ್ಣವನ್ನು ಹಿಡಿದು ಬಾಯಿಗೆ ಬಂದಂತೆ ಬಯ್ಯತೊಡಗಿತು. ಪಂದ್ಯದುದ್ದಕ್ಕೂ ಈ ಬೈಗುಳ ನಡೆಯಿತು. ಟಲ್ ತಿರುಗಿ ಒಂದು ಮಾತು ಆಡಲಿಲ್ಲ. ಕಾಲು ತಡವರಿಸಲಿಲ್ಲ. ಒರಟು ಆಟಕ್ಕೂ ಇಳಿಯಲಿಲ್ಲ. ಮೈದಾನದಲ್ಲಿದ್ದ ಒಬ್ಬ ಪತ್ರಿಕಾ ವರದಿಗಾರ ಆ ಜನರ ನಡತೆಯನ್ನು ಖಂಡಿಸಿ, ಟಲ್ ಅವರ ಶುದ್ಧ ಮನಸ್ಸನ್ನೂ ಶುದ್ಧ ಆಟವನ್ನೂ ಎಲ್ಲ ಆಟಗಾರರಿಗೂ ಮಾದರಿ ಎಂದು ಬರೆದ. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನದಲ್ಲಿ ನಡೆದ ವರ್ಣದ್ವೇಷದ ಮೊದಮೊದಲ ವರದಿಗಳಲ್ಲಿ ಇದೂ ಒಂದು ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತಾಳ್ಮೆಗೆ ತಕ್ಷಣ ಫಲ ಸಿಗುತ್ತದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಟಲ್ ಅವರಿಗೆ ಹಾಗೆ ಸಿಗಲಿಲ್ಲ. ಬಯ್ದವರಿಗೆ ಏನೂ ಆಗಲಿಲ್ಲ. ಕೆಲವೇ ದಿನಗಳಲ್ಲಿ ಟಲ್ ಅವರೇ ಮುಖ್ಯ ತಂಡದಿಂದ ಹೊರಗೆ ಉಳಿದರು. ಬಳಿಕ ಹೆಚ್ಚಾಗಿ ಎರಡನೇ ತಂಡದಲ್ಲೇ ಆಡಬೇಕಾಯಿತು. ಟಾಟೆನ್‌ಹ್ಯಾಮ್‌ನ ಪರ ಮೊದಲ ದರ್ಜೆಯ ಲೀಗ್‌ನಲ್ಲಿ ಅವರು ಆಡಿದ್ದು ಒಟ್ಟು 10 ಪಂದ್ಯ, ಹೊಡೆದದ್ದು 2 ಗೋಲು.

ಮತ್ತೊಂದು ಬಾಗಿಲು

1911ರ ಅಕ್ಟೋಬರಿನಲ್ಲಿ ನಾರ್ಥಾಂಪ್ಟನ್ ಟೌನ್ ತಂಡದ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಟಲ್ ಅವರನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಕಟ್ಟಿ ಇಂಗ್ಲೆಂಡಿನ ಅತಿ ಹೆಸರುವಾಸಿ ವ್ಯವಸ್ಥಾಪಕರಲ್ಲಿ ಒಬ್ಬರಾದವರು ಇದೇ ಚಾಪ್‌ಮನ್. ಒಳ್ಳೆಯ ಗುರುವಿನ ಲಕ್ಷಣ ಅವರಲ್ಲಿತ್ತು. ಮುಂಚೂಣಿಯಲ್ಲಿ ಆಡುತ್ತಿದ್ದ ಟಲ್ ಅವರ ಆಟ ಮಧ್ಯಭಾಗದ ಸ್ಥಾನದಲ್ಲಿ ಅರಳಿತು. ಅಲ್ಲಿ ನಿಂತು ತಂಡದ ಎರಡೂ ಕಡೆಯನ್ನು ಹಿಡಿದಿಡುವ ಕೆಲಸ ಅವರ ಸ್ವಭಾವಕ್ಕೆ ಒಪ್ಪಿತು. ನಾರ್ಥಾಂಪ್ಟನ್ ಪರ ಅವರು 110ರಷ್ಟು ಪಂದ್ಯಗಳನ್ನು ಆಡಿದರು. ಊರಿನ ಜನ ಅವರನ್ನು ತಮ್ಮವನೆಂದೇ ಎಣಿಸಿದರು.

ಯುದ್ಧ ಬಂತು

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ವಿರುದ್ಧ ಯುದ್ಧ ಸಾರಿತು. ಯುದ್ಧ ನಡೆಯುತ್ತಿದ್ದರೂ ಫುಟ್‌ಬಾಲ್ ಲೀಗ್ ನಿಲ್ಲಲಿಲ್ಲ. ಗಟ್ಟಿಮುಟ್ಟಾದ ಯುವಕರು ಚೆಂಡಾಡುತ್ತ ಕುಳಿತಿದ್ದಾರೆಂದು ಟೀಕೆ ಕೇಳಿಬಂತು. ಆಗ 1914ರ ಡಿಸೆಂಬರಿನಲ್ಲಿ ಆಟಗಾರರಿಗಾಗಿಯೇ ಒಂದು ಪಡೆಯನ್ನು ಲಂಡನ್ನಿನಲ್ಲಿ ಕಟ್ಟಲಾಯಿತು. ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಆದ ಅದಕ್ಕೆ ಫುಟ್‌ಬಾಲ್ ಬೆಟಾಲಿಯನ್ ಎಂದೇ ಹೆಸರಾಯಿತು. ಅದೇ ತಿಂಗಳು ಟಲ್ ಸೇರಿದರು. ಆಗ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಸೇವೆ ಇರಲಿಲ್ಲ. ಅದು ಬಂದದ್ದು 1916ರಲ್ಲಿ. ಅಂದರೆ ಅವರು ಸ್ವಂತ ಇಚ್ಛೆಯಿಂದ ಹೋದವರು.

ಬಹು ಬೇಗ ಅವರಿಗೆ ಸಾರ್ಜೆಂಟ್ ದರ್ಜೆಗೆ ಬಡ್ತಿ ಸಿಕ್ಕಿತು. 1915ರ ನವೆಂಬರಿನಲ್ಲಿ ಪಡೆ ಫ್ರಾನ್ಸಿಗೆ ಹೋಯಿತು. ನೆಲದಲ್ಲಿ ತೋಡಿದ ಕಂದಕಗಳಲ್ಲಿ ಕೆಸರು, ನೀರು, ಇಲಿ, ಹೇನುಗಳ ನಡುವೆ ಸೈನಿಕರು ತಿಂಗಳುಗಟ್ಟಲೆ ಇರಬೇಕಿತ್ತು. ತಲೆಯ ಮೇಲೆ ಹಗಲಿರುಳೂ ಫಿರಂಗಿ ಗುಂಡುಗಳು. 1916ರ ಮೇ ತಿಂಗಳಲ್ಲಿ ಟಲ್ ಅವರ ಮನಸ್ಸು ಈ ಆಘಾತವನ್ನು ತಡೆಯದಾಯಿತು. ಚಿಕಿತ್ಸೆಗೆಂದು ಅವರನ್ನು ಇಂಗ್ಲೆಂಡಿಗೆ ಕಳಿಸಿದರು. ಮಾನಸಿಕ ಕಾಯಿಲೆಯನ್ನು ನಾವು ಇಂದಿಗೂ ದೌರ್ಬಲ್ಯವೆಂದು ಮುಚ್ಚಿಡುತ್ತೇವೆ. ಧೈರ್ಯವಂತನಿಗೂ ಮನಸ್ಸು ಕಾಯಿಲೆ ಬೀಳಬಹುದು, ಚಿಕಿತ್ಸೆಯಿಂದ ಚೇತರಿಸಿಕೊಳ್ಳಬಹುದು ಎಂಬುದಕ್ಕೆ ಟಲ್ ಸಾಕ್ಷಿ. ಅದೇ ಸೆಪ್ಟೆಂಬರಿನಲ್ಲಿ ಅವರು ಫ್ರಾನ್ಸಿಗೆ ಮರಳಿ, ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಸೊಮ್ ಕದನದಲ್ಲಿ ಪಾಲ್ಗೊಂಡರು. ವರ್ಷದ ಕೊನೆಗೆ ಕಂದಕಜ್ವರ ಹಿಡಿದು ಮತ್ತೆ ಇಂಗ್ಲೆಂಡಿಗೆ ಬಂದರು.

ಇದೇ ಸೊಮ್ ಕದನದಲ್ಲಿ ನಮ್ಮ ದಖನ್ನಿನ ಹೆಸರೂ ಇದೆ. 1916ರ ಜುಲೈ 14ರಂದು ಹೈ ವುಡ್ ಎಂಬ ಕಾಡಿನ ಬಳಿ ಈಟಿ ಹಿಡಿದು ಕುದುರೆಗಳನ್ನು ನುಗ್ಗಿಸಿದ 20ನೇ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಮೂಲ ಹೈದರಾಬಾದ್ ಕಂಟಿಂಜೆಂಟ್ ಪಡೆಯಲ್ಲಿದೆ. ಆ ಯುದ್ಧದಲ್ಲಿ ಹಿಂದೂಸ್ತಾನದಿಂದ 13 ಲಕ್ಷಕ್ಕೂ ಹೆಚ್ಚು ಜನ ಸೇವೆಗೆ ಹೋದರು. ಸುಮಾರು 74,000 ಜನ ಮರಳಿ ಬರಲಿಲ್ಲ. ಮೈಸೂರು, ಹೈದರಾಬಾದ್ ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ಸವಾರರ ನೆನಪಿಗಾಗಿ ದೆಹಲಿಯಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಿಂದಲೇ ತೀನ್ ಮೂರ್ತಿ ಎಂಬ ಹೆಸರು ಬಂದಿದೆ.

ನಿಯಮ ಅಡ್ಡ ಬಂದಾಗ

ಟಲ್ ಅವರ ಕಥೆಯ ಮುಖ್ಯ ಭಾಗ ಇಲ್ಲಿದೆ. ಸೊಮ್ ಕದನದಲ್ಲಿ ಬ್ರಿಟಿಷ್ ಸೇನೆ ಅಸಂಖ್ಯ ಅಧಿಕಾರಿಗಳನ್ನು ಕಳೆದುಕೊಂಡಿತ್ತು. ಹೊಸ ಅಧಿಕಾರಿಗಳು ಬೇಕಾಗಿದ್ದರು. ಸೈನಿಕರ ಸಾಲಿನಿಂದಲೇ ಯೋಗ್ಯರನ್ನು ಆರಿಸಿ ತರಬೇತಿ ಕೊಡುವ ಪದ್ಧತಿ ಬಂತು. ಟಲ್ ಅವರ ಹೆಸರನ್ನು ಮೇಲಧಿಕಾರಿಗಳು ಶಿಫಾರಸು ಮಾಡಿದರು. ಆದರೆ ಸೇನೆಯ ನಿಯಮ ಬೇರೆಯೇ ಇತ್ತು. ಅಧಿಕಾರಿಯಾಗುವವನು ಅಪ್ಪಟ ಯುರೋಪಿಯನ್ ವಂಶದವನಾಗಿರಬೇಕು ಎಂದು ಅರ್ಜಿದಾರರ ಮಾರ್ಗದರ್ಶಿಯಲ್ಲಿ ಮುದ್ರಿಸಿದ್ದರು. ಕಪ್ಪು ಮನುಷ್ಯ ಗುಂಡಿಗೆ ಎದೆಯೊಡ್ಡಬಹುದು, ಆದರೆ ಬಿಳಿಯ ಸೈನಿಕರಿಗೆ ಆಜ್ಞೆ ಕೊಡುವಂತಿಲ್ಲ ಎಂಬುದು ಇದರ ಅರ್ಥ.

ಹಿಂದೂಸ್ತಾನದ ಸೈನಿಕರಿಗೂ ಇದೇ ಗೋಡೆ ಅಡ್ಡವಿತ್ತು. ನಮ್ಮವರು ಜಮಾದಾರ, ಸುಬೇದಾರ, ರಿಸಾಲ್ದಾರರಾಗಬಹುದಿತ್ತು. ಆದರೆ ಎಷ್ಟೇ ವರ್ಷ ದುಡಿದ ಸುಬೇದಾರನೂ ನಿನ್ನೆ ಮೊನ್ನೆ ಬಂದ ಬಿಳಿಯ ಲೆಫ್ಟಿನೆಂಟನ ಕೈಕೆಳಗೇ ಇರಬೇಕಿತ್ತು. ಇಂಗ್ಲೆಂಡ್ ರಾಜನ ನೇರ ನೇಮಕಾತಿ ಪಡೆದ ಪೂರ್ಣ ಅಧಿಕಾರ ಹಿಂದೂಸ್ತಾನಿಗಳಿಗೆ ತೆರೆದದ್ದು 1917ರ ಆಗಸ್ಟಿನಲ್ಲಿ. ಆಗಲೂ ಕೊಟ್ಟದ್ದು 9 ಜನರಿಗೆ ಮಾತ್ರ.

ಟಲ್ ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ ತರಬೇತಿ ಮುಗಿಸಿದರು. 1917ರ ಮೇ 30ರಂದು ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು. ನಿಯಮವನ್ನು ಯಾರೂ ತಿದ್ದಿರಲಿಲ್ಲ. ಅದು ಪುಸ್ತಕದಲ್ಲಿ ಹಾಗೆಯೇ ಇತ್ತು. ಆದರೆ ಅವರ ಜೊತೆ ಕಂದಕದಲ್ಲಿದ್ದ ಅಧಿಕಾರಿಗಳು ಅವರ ಕೆಲಸವನ್ನು ಕಣ್ಣಾರೆ ಕಂಡಿದ್ದರು. ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ ಇವರೇ ಎಂದು ಬಹುಕಾಲ ನಂಬಲಾಗಿತ್ತು. ಇವರಿಗಿಂತ ಮುಂಚೆ ಜಾರ್ಜ್ ಬೆಮಂಡ್ ಎಂಬುವರು 1915ರಲ್ಲಿ ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದರೆಂದು ಈಚಿನ ಸಂಶೋಧನೆಯಿಂದ ತಿಳಿದುಬಂದಿದೆ. ಇದರಿಂದ ಟಲ್ ಅವರ ಸಾಧನೆಯೇನೂ ಕಿರಿದಾಗುವುದಿಲ್ಲ. ಸಾಮಾನ್ಯ ಸೈನಿಕನಾಗಿ ಸೇರಿ, ಅನಾಥಾಲಯದ ಓದಿನ ಬಲದ ಮೇಲೆ, ಬಿಳಿಯ ಕಾಲಾಳುಗಳನ್ನು ಯುದ್ಧಭೂಮಿಯಲ್ಲಿ ಮುನ್ನಡೆಸುವ ಸ್ಥಾನಕ್ಕೆ ಏರಿದವರು ಅವರು.

ಇಟಲಿಯ ಪಿಯಾವೆ ನದಿ

1917ರ ನವೆಂಬರಿನಲ್ಲಿ ಅವರ ಹೊಸ ಪಡೆಯಾದ 23ನೇ ಮಿಡ್ಲ್‌ಸೆಕ್ಸ್ ಬೆಟಾಲಿಯನ್ನನ್ನು ಇಟಲಿಗೆ ಕಳಿಸಿದರು. ಅಲ್ಲಿ ಪಿಯಾವೆ ನದಿಯ ಒಂದು ದಡದಲ್ಲಿ ಬ್ರಿಟಿಷರು, ಇನ್ನೊಂದು ದಡದಲ್ಲಿ ಶತ್ರುಪಡೆ. 1918ರ ಹೊಸ ವರ್ಷದ ಆರಂಭದಲ್ಲೇ ಟಲ್ 26 ಜನರ ಒಂದು ತುಕಡಿಯನ್ನು ಕಟ್ಟಿಕೊಂಡು, ಕೊರೆಯುವ ಚಳಿಯ ರಾತ್ರಿಯಲ್ಲಿ ಹರಿಯುವ ನದಿಯನ್ನು ದಾಟಿ ಶತ್ರುವಿನ ದಡಕ್ಕೆ ಹೋದರು. ಗುಂಡಿನ ಮಳೆಯ ನಡುವೆ ಕೆಲಸ ಮುಗಿಸಿ ಮರಳಿದರು. 26 ಜನರಲ್ಲಿ ಒಬ್ಬನೂ ಸಾಯಲಿಲ್ಲ. ವಿಭಾಗದ ಮುಖ್ಯಸ್ಥ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವರ ಶೌರ್ಯವನ್ನೂ ಶಾಂತಚಿತ್ತವನ್ನೂ ಲಿಖಿತವಾಗಿ ಪ್ರಶಂಸಿಸಿದರು. ಬ್ರಿಸ್ಟಲ್ ಮೈದಾನದಲ್ಲಿ ಕಂಡ ಶಾಂತಚಿತ್ತವೇ ಇಲ್ಲಿಯೂ ಕೆಲಸ ಮಾಡಿತ್ತು.

ಕೊನೆಯ ದಿನ

1918ರ ಮಾರ್ಚ್ ತಿಂಗಳಲ್ಲಿ ಪಡೆ ಮತ್ತೆ ಫ್ರಾನ್ಸಿಗೆ ಬಂತು. ಮಾರ್ಚ್ 21ರಂದು ಜರ್ಮನರು ತಮ್ಮ ಬಲವನ್ನೆಲ್ಲ ಹಾಕಿ ದೊಡ್ಡ ದಾಳಿ ಆರಂಭಿಸಿದರು. ಬ್ರಿಟಿಷರು ಹಿಂದೆ ಸರಿಯಬೇಕಾಯಿತು. ಮಾರ್ಚ್ 25ರಂದು ಫಾವ್ರೆಯಿ ಎಂಬ ಹಳ್ಳಿಯ ಬಳಿ ಟಲ್ ಅವರಿಗೆ ಗುಂಡು ತಗುಲಿತು. 30 ತುಂಬಲು ಇನ್ನು ಒಂದು ತಿಂಗಳಷ್ಟೇ ಉಳಿದಿತ್ತು. ಅವರ ಸೈನಿಕರು ಗುಂಡಿನ ನಡುವೆಯೇ ಅವರನ್ನು ಎತ್ತಿ ತರಲು ಯತ್ನಿಸಿದರು. ಅವರಲ್ಲಿ ಲೆಸ್ಟರ್‌ನ ಗೋಲ್‌ಕೀಪರ್ ಟಾಮ್ ಬಿಲ್ಲಿಂಗ್‌ಹ್ಯಾಮ್ ಒಬ್ಬರು. ಆದರೆ ಜರ್ಮನರು ಹತ್ತಿರ ಬಂದಿದ್ದರಿಂದ ಬಿಟ್ಟು ಬರಬೇಕಾಯಿತು. ದೇಹ ಮತ್ತೆ ಸಿಗಲೇ ಇಲ್ಲ. ಬಣ್ಣದ ಕಾರಣಕ್ಕೆ ಯಾರ ಮೇಲೆ ಆಜ್ಞೆ ನಡೆಸಬಾರದೆಂದು ಪುಸ್ತಕ ಹೇಳಿತ್ತೋ, ಆ ಬಿಳಿಯ ಸೈನಿಕರೇ ಅವರಿಗಾಗಿ ಪ್ರಾಣ ಪಣಕ್ಕಿಟ್ಟರು. ಇದಕ್ಕಿಂತ ದೊಡ್ಡ ಪದಕ ಯಾವುದಿದೆ?

ಸೇನೆಯ ಪದಕದ ವಿಷಯ ಮಾತ್ರ ಬೇರೆ. ಟಲ್ ಅವರ ಹೆಸರನ್ನು ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸು ಮಾಡಲಾಗಿತ್ತೆಂದು ಅವರ ಜೊತೆಯ ಅಧಿಕಾರಿಗಳು ಅಣ್ಣ ಎಡ್ವರ್ಡ್‌ಗೆ ಪತ್ರದಲ್ಲಿ ತಿಳಿಸಿದ್ದರು. ಆ ಪದಕ ಬರಲಿಲ್ಲ. ನಿಯಮ ಮೀರಿ ಅಧಿಕಾರಿಯಾದದ್ದು ಬೆಳಕಿಗೆ ಬರಬಾರದೆಂದು ತಡೆದರೆಂದು ಕೆಲವರು ವಾದಿಸುತ್ತಾರೆ. ಶಿಫಾರಸಿನ ದಾಖಲೆಯೇ ಸಿಕ್ಕಿಲ್ಲವೆಂಬುದು ಇನ್ನೊಂದು ವಾದ.

ಮರೆವು ಮತ್ತು ನೆನಪು

ಫ್ರಾನ್ಸಿನ ಅರಾಸ್ ನಗರದಲ್ಲಿ, ಸಮಾಧಿಯಿಲ್ಲದೆ ಹೋದ ಸುಮಾರು 35,000 ಸೈನಿಕರ ಹೆಸರುಗಳನ್ನು ಕೆತ್ತಿದ ಸ್ಮಾರಕವಿದೆ. ಅದರಲ್ಲಿ ಟಲ್ ಅವರದೂ ಒಂದು ಹೆಸರು. ಅದೇ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಹಿಂದೂಸ್ತಾನಿ ಸೈನಿಕರ ಹೆಸರುಗಳಿವೆ. ಎರಡು ಕಡೆಯವರನ್ನೂ ಜಗತ್ತು ಬಹಳ ಕಾಲ ಮರೆತಿತ್ತು.

ಸುಮಾರು 80 ವರ್ಷಗಳ ನಂತರ ಫಿಲ್ ವಸಿಲಿ ಮೊದಲಾದ ಸಂಶೋಧಕರ ಶ್ರಮದಿಂದ ಟಲ್ ಅವರ ಕಥೆ ಹೊರಬಂತು. 1999ರಲ್ಲಿ ನಾರ್ಥಾಂಪ್ಟನ್ ತಂಡ ತನ್ನ ಮೈದಾನದ ಬಳಿ ಅವರ ಸ್ಮಾರಕ ನಿಲ್ಲಿಸಿತು. ಅಲ್ಲಿನ ರಸ್ತೆಗೆ ಅವರ ಹೆಸರಿದೆ. ಮರಣದ ನೂರನೇ ವರ್ಷವಾದ 2018ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಇಂದು ಬ್ರಿಟನ್ನಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಅವರ ಜೀವನವನ್ನು ಓದುತ್ತಾರೆ.

ನಮ್ಮ ಮಕ್ಕಳಿಗೆ ಏನು ಹೇಳೋಣ?

ವಿದ್ಯಾರ್ಥಿಗಳೇ, ಹೆಸರಿಗಾಗಿಯೋ ಬಣ್ಣಕ್ಕಾಗಿಯೋ ಉಡುಗೆಗಾಗಿಯೋ ಚುಚ್ಚುಮಾತು ಕೇಳಿದ ಮಗು ನಮ್ಮ ತರಗತಿಗಳಲ್ಲೂ ಇರಬಹುದು. ಅಂಥ ಮಗುವಿಗೆ ಸುಮ್ಮನಿರು ಎಂದಷ್ಟೇ ಹೇಳಿದರೆ ಸಾಲದು. ಟಲ್ ಸುಮ್ಮನೆ ಕುಳಿತವರಲ್ಲ. ಬೈಗುಳಕ್ಕೆ ಬೈಗುಳ ಕೊಡಲಿಲ್ಲ, ಆದರೆ ತಮ್ಮ ಜಾಗವನ್ನೂ ಬಿಟ್ಟುಕೊಡಲಿಲ್ಲ. ಒಂದು ತಂಡ ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ದುಡಿದರು. ನಿಯಮ ಬೇಡ ಎಂದ ಹುದ್ದೆಗೂ ಅರ್ಜಿ ಹಾಕಿದರು. ತಾಳ್ಮೆ ಎಂದರೆ ಹಿಂದೆ ಸರಿಯುವುದಲ್ಲ, ನಿಂತ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದು.

ಹಿರಿಯರಿಗೂ ಇಲ್ಲಿ ಒಂದು ಮಾತಿದೆ. 1898ರಲ್ಲಿ ಆ ಅನಾಥಾಲಯ ಬಾಗಿಲು ತೆರೆಯದಿದ್ದರೆ, ಅಲ್ಲಿ ಪುಸ್ತಕವೂ ಕಸುಬೂ ಚೆಂಡೂ ಸಿಗದಿದ್ದರೆ, ಈ ವಾಲ್ಟರ್ ಟಲ್ ನಮಗೆ ಸಿಗುತ್ತಿರಲಿಲ್ಲ. ಯತೀಮ್ ಮಗುವಿನ ತಲೆ ಸವರುವುದು ಪುಣ್ಯದ ಕೆಲಸವೆಂದು ನಾವೆಲ್ಲ ಬಲ್ಲೆವು. ತಲೆ ಸವರಿದ ಕೈ ಅದಕ್ಕೆ ಶಾಲೆಯ ಶುಲ್ಕವನ್ನೂ ಕಟ್ಟಲಿ, ಒಂದು ಕಸುಬನ್ನೂ ಕಲಿಸಲಿ, ಸಂಜೆ ಒಂದು ಗಂಟೆ ಮೈದಾನಕ್ಕೂ ಬಿಡಲಿ. ಆ ಮಗು ಮುಂದೆ ಏನಾಗುತ್ತದೆ ಎಂದು ಈಗಲೇ ಯಾರು ಹೇಳಬಲ್ಲರು?